ಕಲ್ಯಾಣ ಮಂಟಪದಿಂದ ಎಡ್ಮಂಟನ್‌ಗೆ

ನಮ್ಮ ಕಡೆ ಬರೀ ‘ಬ್ಯಾಡ್ಮಿಂಟನ್’ ಎಂದರೆ ಕೇಳಿದವರು ‘ಬಾಲೋ, ಷಟಲೋ?’ ಎಂದು ಮರುಪ್ರಶ್ನೆ ಹಾಕುವುದು ವಾಡಿಕೆ. ಸರ್ಕಾರಿ ಶಾಲೆಗಳ ಅಂಗಳಕ್ಕೆ ಒಗ್ಗಿದ್ದು ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಚೆಂಡು, ಒಂದೊಂದು ಕಡೆ ಐದೈದು ಜನ, ಬಯಲಲ್ಲೇ ಆಟ. 27ರಿಂದ 30 ಗ್ರಾಂ ತೂಗುವ ಆ ಚೆಂಡು ಸಣ್ಣಪುಟ್ಟ ಗಾಳಿಗೆ ಜಗ್ಗುವುದಿಲ್ಲ. ಹದಿನಾರು ಗರಿಗಳ ಷಟಲ್ ಕಾಕ್ ಐದು ಗ್ರಾಂ ಆಸುಪಾಸು. ಕಲಾಸಿಪಾಳ್ಯದ ಬಸ್ಸು ಲಾರಿಗಳ ನಡುವೆ ಅದನ್ನು ಹೊಡೆದರೆ ಎತ್ತ ಹಾರೀತೋ ಹೇಳುವಂತಿಲ್ಲ. ಅದಕ್ಕೆ ತಲೆಯ ಮೇಲೊಂದು ಸೂರು ಬೇಕು. ಏಷ್ಯನ್ ಕ್ರೀಡಾಕೂಟ, ಕಾಮನ್‌ವೆಲ್ತ್ ಕ್ರೀಡಾಕೂಟಗಳಿಗೆ ಹೋದದ್ದು ಈ ಸೂರಿನಡಿಯ ಆಟ. ಬಯಲಿನ ಆಟಕ್ಕೆ ಅಲ್ಲಿ ಜಾಗ ಸಿಗಲಿಲ್ಲ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಷಟಲ್ ಮೊದಲ ಬಾರಿಗೆ ಸೇರಿತು. ಅದೇ ವರ್ಷ ಬೆಂಗಳೂರಿನ ಏಳು ವರ್ಷದ ಹುಡುಗನೊಬ್ಬ ರಾಜ್ಯ ಜೂನಿಯರ್ ಪಂದ್ಯಾವಳಿಗೆ ಇಳಿದು ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷ ಕಳೆಯುವುದರೊಳಗೆ ಆ ಪ್ರಶಸ್ತಿ ಅವನದಾಯಿತು. ಆ ಹುಡುಗ ಪ್ರಕಾಶ್ ಪಡುಕೋಣೆ. ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯನ್ನು ಕಟ್ಟಿ ನಡೆಸಿದವರು. ಹಾಗಿದ್ದೂ ಮಗನಿಗೆ ಸಿಕ್ಕ ಅಂಕಣ ಯಾವುದು? ಮಲ್ಲೇಶ್ವರದ ಮನೆಯ ಹತ್ತಿರದ ಕೆನರಾ ಯೂನಿಯನ್ ಕಲ್ಯಾಣ ಮಂಟಪ. ಮದುವೆಯೋ ಮುಂಜಿಯೋ ಇದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ಮುಂದೆ ಜಗತ್ತು ಬೆರಗಾಗಿ ನೋಡಿದ ಅವರ ಮಣಿಕಟ್ಟಿನ ಆಟದಲ್ಲಿ ಆ ಮಂಟಪದ ಪಾಲೂ ಇದೆ ಎನ್ನುವುದು ನನ್ನ ಲೆಕ್ಕ. ಇಕ್ಕಟ್ಟಿನ ಜಾಗದಲ್ಲಿ ತೋಳ್ಬಲಕ್ಕಿಂತ ಕೈಚಳಕವೇ ದಾರಿ.

1971ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಅವರು ರಾಷ್ಟ್ರೀಯ ಜೂನಿಯರ್, ಸೀನಿಯರ್ ಪ್ರಶಸ್ತಿಗಳೆರಡನ್ನೂ ಗೆದ್ದರು. ಸೀನಿಯರ್ ಪಟ್ಟ 1979ರವರೆಗೂ ಅವರ ಕೈ ಬಿಡಲಿಲ್ಲ. ಆದರೆ ದೇಶದೊಳಗೆ ಗೆಲ್ಲುವುದು ಒಂದು, ಹೊರಗೆ ಗೆಲ್ಲುವುದು ಇನ್ನೊಂದು. ಕಾಮನ್‌ವೆಲ್ತ್‌ಗೆ ಷಟಲ್ ಬಂದ 1966ರ ಕಿಂಗ್‌ಸ್ಟನ್ ಕೂಟದಲ್ಲಿ ದಿನೇಶ್ ಖನ್ನಾ ಕಂಚು ತಂದಿದ್ದರು. ಚಿನ್ನ ಬಂದಿರಲಿಲ್ಲ. ಅದು ಬಂದದ್ದು 1978ರ ಆಗಸ್ಟಿನಲ್ಲಿ, ಕೆನಡಾದ ಎಡ್ಮಂಟನ್‌ನಲ್ಲಿ. ಪುರುಷರ ಸಿಂಗಲ್ಸ್ ಫೈನಲ್‌ನಲ್ಲಿ ಪ್ರಕಾಶ್ ಇಂಗ್ಲೆಂಡಿನ ಡೆರೆಕ್ ಟಾಲ್ಬಟ್ ಅವರನ್ನು ಮಣಿಸಿದರು. 1980ರ ಆಲ್ ಇಂಗ್ಲೆಂಡ್ ಗೆಲುವಿನ ಪ್ರಭೆಯಲ್ಲಿ ಈ ಚಿನ್ನವನ್ನು ನಾವು ತುಸು ಮರೆತಿದ್ದೇವೆ. ಆದರೆ ಮೊದಲು ಬಾಗಿಲು ತೆರೆದದ್ದು ಇದೇ. ನಾಲ್ಕು ವರ್ಷದ ನಂತರ ಬ್ರಿಸ್ಬೇನ್‌ನಲ್ಲಿ ಸೈಯದ್ ಮೋದಿ ಅದೇ ಚಿನ್ನ ಗೆದ್ದರು. ಆಮೇಲೆ ಪುರುಷರ ಸಿಂಗಲ್ಸ್‌ನಲ್ಲಿ ಮೂವತ್ತೆರಡು ವರ್ಷ ಬರ.

ನಡುವೆ ಹೆಣ್ಣುಮಕ್ಕಳು ಮುಂದೆ ಬಂದರು. 2010ರ ಅಕ್ಟೋಬರ್ 14, ದೆಹಲಿ ಕಾಮನ್‌ವೆಲ್ತ್ ಕೂಟದ ಕೊನೆಯ ದಿನ. ಸಿರಿ ಫೋರ್ಟ್ ಅಂಕಣದಲ್ಲಿ ಬೆಂಗಳೂರಿನ ಅಶ್ವಿನಿ ಪೊನ್ನಪ್ಪ ಮತ್ತು ಹೈದರಾಬಾದಿನ ಜ್ವಾಲಾ ಗುಟ್ಟಾ ಮಹಿಳಾ ಡಬಲ್ಸ್ ಫೈನಲ್‌ನಲ್ಲಿ ಸಿಂಗಪುರದ ಜೋಡಿಯನ್ನು 21–16, 21–19ರಿಂದ ಸೋಲಿಸಿದರು. ಎರಡನೆಯ ಗೇಮಿನ ಅಂಕಗಳನ್ನು ನೋಡಿದರೆ ಸಾಕು, ಎದೆ ಎಷ್ಟು ಹೊಡೆದುಕೊಂಡಿರಬೇಕು! ಆ ವಿಭಾಗದಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಅಂದೇ ಸೈನಾ ನೆಹ್ವಾಲ್ ಸಿಂಗಲ್ಸ್ ಚಿನ್ನ ಗೆದ್ದರು. ಭಾರತದ ಚಿನ್ನ 38, ಇಂಗ್ಲೆಂಡಿನದು 37. ಎರಡರಲ್ಲಿ ಒಂದು ತಪ್ಪಿದ್ದರೂ ಚಿನ್ನ ಸಮವಾಗಿ, ಬೆಳ್ಳಿಯ ಲೆಕ್ಕದಲ್ಲಿ ಮುಂದಿದ್ದ ಇಂಗ್ಲೆಂಡಿಗೇ ಎರಡನೆಯ ಸ್ಥಾನ ಹೋಗುತ್ತಿತ್ತು. ಡಬಲ್ಸ್ ಆಟಗಾರ್ತಿಯರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ, ಅದಕ್ಕೇ ಈ ಲೆಕ್ಕವನ್ನು ಇಲ್ಲಿ ಬರೆದಿಟ್ಟೆ.

1994ರಲ್ಲಿ ಪ್ರಕಾಶ್ ಅವರು ವಿಮಲ್ ಕುಮಾರ್ ಮುಂತಾದವರೊಡನೆ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಪುಲ್ಲೇಲ ಗೋಪಿಚಂದ್ ಅಲ್ಲಿ ಪಳಗಿದವರು. ಹಿಮಾಲಯದ ತಪ್ಪಲಿನ ಅಲ್ಮೋರಾದಿಂದ ಚಿಕ್ಕ ವಯಸ್ಸಿನಲ್ಲೇ ಬಂದು ಸೇರಿದ ಲಕ್ಷ್ಯ ಸೇನ್ 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಪುರುಷರ ಸಿಂಗಲ್ಸ್ ಚಿನ್ನ ಗೆದ್ದರು. ಅಲ್ಮೋರಾದ ಹುಡುಗನಿಗೆ ಬೆಂಗಳೂರು ಹತ್ತಿರವಾಯಿತು. ಕಲಾಸಿಪಾಳ್ಯದ ಸರ್ಕಾರಿ ಶಾಲೆಯ ಹುಡುಗಿಗೆ ಮರದ ನೆಲದ ಆ ಅಂಕಣ ಇನ್ನೂ ದೂರ. ಅವಳ ಕೈಗೆ ಸಿಗುವುದು ಉಣ್ಣೆಯ ಚೆಂಡು, ಎರಡು ಕಂಬ, ಒಂದು ಬಲೆ. ಸಂಜೆ ಹೊತ್ತಿಗೆ ಖಾಲಿ ಬೀಳುವ ಕಲ್ಯಾಣ ಮಂಟಪಗಳು ಮಾತ್ರ ಊರ ತುಂಬ ಇವೆ.