ಹೆಬ್ಬೆಟ್ಟಿನ ಗೆರೆ ಓದಿದವರು

‘ಹೆಬ್ಬೆಟ್ಟು ಒತ್ತುವವರು’ ಎಂದರೆ ಅಕ್ಷರ ಬಾರದವರು ಎಂಬ ಅರ್ಥ ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದೆ. ಆದರೆ ಆ ಹೆಬ್ಬೆಟ್ಟಿನ ಗೆರೆಗಳನ್ನೇ ಓದುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟವರಲ್ಲಿ ನಮ್ಮ ದೇಶದ ಇಬ್ಬರು ಯುವಕರೂ ಇದ್ದರು ಎಂಬುದು ಅನೇಕರಿಗೆ ತಿಳಿದಿಲ್ಲ.

ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ಗುತ್ತಿಗೆದಾರನೊಬ್ಬನಿಂದ ಕರಾರು ಪತ್ರಕ್ಕೆ ಅಂಗೈಯ ಅಚ್ಚು ಒತ್ತಿಸಿಕೊಂಡನು. ಒಬ್ಬರ ಬೆರಳಚ್ಚು ಇನ್ನೊಬ್ಬರಿಗೆ ಹೋಲುವುದಿಲ್ಲ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಆದರೆ ಸಾವಿರಾರು ಅಚ್ಚುಗಳ ರಾಶಿಯಲ್ಲಿ ಬೇಕಾದ ಒಂದನ್ನು ಹುಡುಕುವುದು ಹೇಗೆ?

ಈ ಕೆಲಸಕ್ಕೆ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ ಆರಿಸಿಕೊಂಡವರು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದ್ದ ಅಜೀಜುಲ್ ಹಕ್. ಅವರ ಜೊತೆಗಾರರು ಹೇಮಚಂದ್ರ ಬೋಸ್. ಹತ್ತು ಬೆರಳುಗಳಲ್ಲಿ ಯಾವುದರಲ್ಲಿ ಸುಳಿ ಇದೆ, ಯಾವುದರಲ್ಲಿ ಇಲ್ಲ ಎಂಬ ಲೆಕ್ಕದಿಂದ ಅಚ್ಚುಗಳನ್ನು 1024 ಗುಂಪುಗಳಾಗಿ ವಿಂಗಡಿಸುವ ಕ್ರಮ ಸಿದ್ಧವಾಯಿತು. ಎರಡನ್ನು ಹತ್ತು ಸಲ ಗುಣಿಸಿ ನೋಡಿ, ವಿದ್ಯಾರ್ಥಿಗಳೇ, ಅದೇ ಸಂಖ್ಯೆ ಬರುತ್ತದೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು.

ಸ್ವಲ್ಪದರಲ್ಲೇ ಪರೀಕ್ಷೆಯೂ ಎದುರಾಯಿತು. ಜಲಪೈಗುರಿಯ ಚಹಾ ತೋಟದ ಮ್ಯಾನೇಜರನೊಬ್ಬನ ಕತ್ತು ಕೊಯ್ದು ಕೊಲೆ ಮಾಡಿ ಹಣ ದೋಚಲಾಗಿತ್ತು. ಕೂಲಿಗಳು, ಅಡುಗೆಯವನು, ಅಲೆಮಾರಿ ಕಾಬೂಲಿಗಳು ಎಲ್ಲರ ಮೇಲೂ ಸಂಶಯ. ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಮಾತ್ರ ರಕ್ತದ ಮಸುಕಾದ ಬೆರಳ ಗುರುತಿತ್ತು. ಅದು ಹಿಂದೆ ಕಳವಿಗಾಗಿ ಜೈಲಿಗೆ ಹೋಗಿದ್ದ ಮಾಜಿ ಸೇವಕನ ಬಲ ಹೆಬ್ಬೆರಳಿಗೆ ಸರಿಹೊಂದಿತು. 1898ರ ತೀರ್ಪು ಗಮನಾರ್ಹ. ಅವನು ಪೆಟ್ಟಿಗೆ ಮುಟ್ಟಿದ್ದು ಖಚಿತವಾದ್ದರಿಂದ ಕಳವಿಗೆ ಶಿಕ್ಷೆಯಾಯಿತು. ಕೊಲೆಯನ್ನು ಕಂಡವರಿಲ್ಲದ ಕಾರಣ ಆ ಆರೋಪದಲ್ಲಿ ಸಂಶಯದ ಲಾಭ ದೊರೆಯಿತು. 1899ರಲ್ಲಿ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿಯಾಗಿ ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಮಾನ್ಯತೆ ಸಿಕ್ಕಿತು.

ಕೊಲೆ ನಡೆದಲ್ಲಿಗೆ ‘ಬೆರಳಚ್ಚು ತಜ್ಞರು ಹಾಗೂ ಶ್ವಾನದಳ ಭೇಟಿ ನೀಡಿದರು’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಬೆವರು ಮತ್ತು ಎಣ್ಣೆಯಂಶದಿಂದ ಗಾಜು, ಕಪಾಟು, ಪಾತ್ರೆಗಳ ಮೇಲೆ ಕಣ್ಣಿಗೆ ಕಾಣದ ಅಚ್ಚು ಉಳಿದಿರುತ್ತದೆ. ನಯವಾದ ಪುಡಿ ಸವರಿದಾಗ ಅದು ಮೂಡುತ್ತದೆ. ಅವಳಿ ಮಕ್ಕಳ ಬೆರಳಚ್ಚು ಕೂಡಾ ಒಂದೇ ಆಗಿರುವುದಿಲ್ಲ. 2022ರಿಂದ ದೇಶದ ಅಚ್ಚುಗಳನ್ನು ಕಂಪ್ಯೂಟರಿನಲ್ಲಿ ಹೋಲಿಸುವ ರಾಷ್ಟ್ರೀಯ ವ್ಯವಸ್ಥೆಯೂ ಇದೆ.

ಆದರೂ ಅಚ್ಚು ಹೇಳುವುದು ‘ಈತ ಇದನ್ನು ಮುಟ್ಟಿದ್ದಾನೆ’ ಎಂಬುದನ್ನು ಮಾತ್ರ. ಯಾವಾಗ, ಏಕೆ ಎಂಬುದನ್ನು ಇತರ ಸಾಕ್ಷ್ಯಗಳು ಹೇಳಬೇಕು. ಅಚ್ಚು ಪಡೆದ ರೀತಿಯೂ ಶುದ್ಧವಾಗಿರಬೇಕು. ನಮ್ಮ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ, ಆರೋಪಿಯ ಬೆರಳಚ್ಚನ್ನು ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಾಗಲಿ ಆದೇಶದಂತಾಗಲಿ ಪಡೆದಿರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಆ ಸಾಕ್ಷ್ಯವನ್ನು ತಳ್ಳಿಹಾಕಿ ಆತನನ್ನು ಬಿಡುಗಡೆ ಮಾಡಿತು. ತನಿಖೆಯಲ್ಲಿ ಅವಸರವಾದರೆ ತಪ್ಪಿತಸ್ಥ ಪಾರಾಗಬಹುದು, ನಿರಪರಾಧಿ ಸಿಕ್ಕಿಬೀಳಬಹುದು.

ವಿಂಗಡಣೆಯ ಕ್ರಮಕ್ಕೆ ‘ಹೆನ್ರಿ ಪದ್ಧತಿ’ ಎಂದೇ ಹೆಸರಾಯಿತು. ಲೆಕ್ಕ ಬಿಡಿಸಿದ ಹಕ್ ಅವರಿಗೆ ಸರಕಾರ ಗೌರವಧನ ಮತ್ತು ಖಾನ್ ಬಹಾದುರ್ ಬಿರುದು ನೀಡಿದ್ದು ಬಹಳ ವರ್ಷಗಳ ನಂತರ. ಗಣಿತ ಕಲಿತು ಏನು ಪ್ರಯೋಜನ ಎಂದು ಕೇಳುವ ನಮ್ಮ ಮಕ್ಕಳಿಗೆ ಈ ಇಬ್ಬರ ಹೆಸರನ್ನು ಹೇಳೋಣ.