ಬಾಗಿಲಿಗೆ ಬಂದ ಲಕ್ಷ್ಮಿ

ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಭಟ್ಕಳ, ಹೊನ್ನಾವರಗಳಂತೆ ಅದೂ ಭತ್ತ, ತೆಂಗು, ಅಡಕೆಗಳ ಸೀಮೆ. ಆದರೂ ಹತ್ತೊಂಬತ್ತನೆಯ ಶತಮಾನದ ಲಿವರ್‌ಪೂಲ್ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬುದು ಹೆಸರಾದ ಸರಕಾಗಿತ್ತು. ಧಾರವಾಡ ಸೀಮೆಯ ಎರೆಹೊಲಗಳ ಹತ್ತಿ ಶಿರಸಿಗೆ ಬಂದು, ದೇವಿಮನೆ ಘಟ್ಟವಿಳಿದು ಕುಮಟೆಯನ್ನು ಸೇರುತ್ತಿತ್ತು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಬೆಳೆದ ಊರಿನ ಹೆಸರು ಮರೆಯಾಗಿ, ಹಡಗೇರಿದ ಊರಿನ ಹೆಸರು ಉಳಿಯಿತು.

ಈ ಹತ್ತಿಯ ಇತಿಹಾಸದೊಡನೆ ಒಂದು ದೂರಿನ ಇತಿಹಾಸವೂ ಹೆಣೆದುಕೊಂಡಿದೆ. ಹೆಚ್ಚು ಗಳಿಸುವ ದಾರಿಯನ್ನು ತೋರಿಸಿದರೂ ಇಲ್ಲಿಯ ರೈತ ಅದನ್ನು ತುಳಿಯಲೊಲ್ಲ, ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದೆಯುತ್ತಾನೆ ಎಂಬುದೇ ಆ ದೂರು. ದೂರಿದವರು ಕಂಪನಿ ಸರಕಾರದ ಅಧಿಕಾರಿಗಳು ಮತ್ತು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು.

1840ರಲ್ಲಿ ಕಂಪನಿ ಸರಕಾರ ಅಮೆರಿಕದಿಂದ ಅನುಭವಿಗಳಾದ ಹತ್ತಿ ಬೆಳೆಗಾರರನ್ನೇ ಕರೆಸಿತು. ಉದ್ದನೆಯ ಎಳೆಯ ಅಮೆರಿಕನ್ ಹತ್ತಿಯನ್ನು ನಮ್ಮ ರೈತರಿಗೆ ಕಲಿಸಬೇಕೆಂಬುದು ಅದರ ಸಂಕಲ್ಪ. ದೇಶದ ಹಲವೆಡೆ ಸೋತ ಈ ಪ್ರಯೋಗ ಧಾರವಾಡದಲ್ಲಿ ಬೇರೂರಿತು. ಆದರೆ ರೈತ ‘ವಿಲಾಯತಿ’ ಹತ್ತಿಯನ್ನು ಒಪ್ಪಿಕೊಂಡರೂ ‘ಜವಾರಿ’ಯನ್ನು ಕೈಬಿಡಲಿಲ್ಲ, ಜೋಳದ ಹೊಲವನ್ನಂತೂ ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ಅಧಿಕಾರಿಗಳಿಗೆ ಇದು ಜಡತ್ವವಾಗಿ ಕಂಡಿತು.

ರೈತನ ಲೆಕ್ಕ ಬೇರೆಯೇ ಇತ್ತು. ಜವಾರಿ ಹತ್ತಿಯನ್ನು ಮನೆಯ ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು; ಹತ್ತಿಕಾಳು ದನಗಳಿಗಾಗುತ್ತಿತ್ತು. ವಿಲಾಯತಿ ಹತ್ತಿಯ ಎಳೆ ಕಾಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದಕ್ಕೆ ಗರಗಸದ ಯಂತ್ರವೇ ಬೇಕು. ಯಂತ್ರ ಕೆಟ್ಟರೆ ರಿಪೇರಿಗೆ ಧಾರವಾಡದ ಕಾರಖಾನೆಯನ್ನು ಕಾಯಬೇಕು. ಬೆಳೆ ಕೈಗೆ ಬರುವ ಮೊದಲೇ ಸಾಹುಕಾರನ ಸಾಲಕ್ಕೆ ಒತ್ತೆಬಿದ್ದಿದ್ದರೆ, ಹೆಚ್ಚಿನ ಬೆಲೆ ಸೇರುತ್ತಿದ್ದುದು ಅವನ ತಿಜೋರಿಗೆ. ಮಳೆಗಾಲಕ್ಕೆ ಮುನ್ನ ಸರಕು ಹಡಗೇರದಿದ್ದರೆ, ಕಡಲು ತೆರೆಯುವವರೆಗೆ ಅದು ಕುಮಟೆಯ ಗೋದಾಮುಗಳಲ್ಲೇ ಕೊಳೆಯಬೇಕು. ಲಾಭ ಹಂಚಿಹೋಗುತ್ತಿತ್ತು, ನಷ್ಟದ ಬಹುಪಾಲು ಹೊಲದ ಒಡೆಯನ ಮೇಲೆಯೇ ಬೀಳುತ್ತಿತ್ತು.

ಕೊಳ್ಳುವವನ ಔದಾರ್ಯ ಎಂಥದೆಂಬುದು ಈ ಕರಾವಳಿಗೆ ಹೊಸತೂ ಅಲ್ಲ. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳದ ಮೇಲೆರಗಿ, ಅಲ್ಲಿ ಮೆಣಸಿನ ವ್ಯಾಪಾರವೇ ನಡೆಯಕೂಡದೆಂದು ಕಟ್ಟಳೆ ಹಾಕಿದ್ದನು. ಗೇರುಸೊಪ್ಪೆಯ ಮೆಣಸು ಶರಾವತಿಯಲ್ಲಿ ತೇಲಿ ಹೊನ್ನಾವರಕ್ಕೆ ಬರುತ್ತಿದ್ದ ಕಾಲದಲ್ಲಿ ಅದನ್ನು ಕೊಳ್ಳಲು ಬಂದ ಪೋರ್ಚುಗೀಸರು ಕೋಟೆಯನ್ನೂ ಬಯಸಿದರು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಹತ್ತಿಯ ಬೆಲೆ ಗಗನಕ್ಕೇರಿತು. ಆಗ ನಮ್ಮ ರೈತ ಮುಗ್ಗರಿಸಲಿಲ್ಲ. ಹತ್ತಿಯ ಬಿತ್ತನೆಯನ್ನು ಹಿಗ್ಗಿಸಿದನು. ಬೆಲೆ ಕೊಟ್ಟರೆ ಸರಕು ತಾನಾಗಿ ಬರುತ್ತದೆಂದು ಭಾರತಮಂತ್ರಿ ಸರ್ ಚಾರ್ಲ್ಸ್ ವುಡ್ ವಾದಿಸುತ್ತಿದ್ದುದೂ ಇದನ್ನೇ. ಕುಮಟೆಯ ಬಂದರಿಗೆ ಬಿರುಗಾಳಿಯಿಂದ ಮರೆಯಿಲ್ಲವೆಂದು ಮ್ಯಾಂಚೆಸ್ಟರಿನವರು ಕಾರವಾರವನ್ನು ಆರಿಸಿಕೊಂಡರು. ಅವರ ಒತ್ತಾಯದ ಫಲವಾಗಿಯೇ 1862ರಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳನ್ನೊಳಗೊಂಡ ಉತ್ತರ ಕನ್ನಡ ಮದರಾಸು ಆಧಿಪತ್ಯದಿಂದ ಮುಂಬಯಿಗೆ ವರ್ಗವಾಯಿತು. 1860ರಲ್ಲಿ ಸ್ಥಾಪಿತವಾಗಿದ್ದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಯಂತ್ರಗಳನ್ನು ಕಾರವಾರಕ್ಕೆ ಕಳುಹಿಸಿತು, ರಸ್ತೆ ಸಿದ್ಧವಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಮುಚ್ಚಿತು. ರೈತನ ಅಂಜಿಕೆಯನ್ನು ಹಳಿದ ಧನಿಕರು ತಮ್ಮ ಬಂಡವಾಳವನ್ನು ಈ ಮಣ್ಣಿಗೆ ಸುರಿಯುವ ಹೊತ್ತು ಬಂದಾಗ ತಾವೇ ಅಂಜಿದರು.

1865ರಲ್ಲಿ ಯುದ್ಧ ಮುಗಿಯಿತು. ಲ್ಯಾಂಕಷೈರ್ ಮತ್ತೆ ಅಮೆರಿಕದತ್ತ ಮುಖಮಾಡಿತು, ಬೆಲೆ ಕುಸಿಯಿತು, ಮುಂಬಯಿಯ ಕುಬೇರರು ದಿವಾಳಿಯೆದ್ದರು. ಹತ್ತು ವರ್ಷ ಕಳೆದು 1876–78ರ ಬರ ಬಂದಾಗ, ಹಗೇವಿನಲ್ಲಿ ಜೋಳ ಉಳಿಸಿಕೊಂಡಿದ್ದ ಮನೆಗೆ ಅದರ ಬೆಲೆ ಏನೆಂದು ತಿಳಿದಿರಬೇಕು. 1888ರಲ್ಲಿ ಮರ್ಮಗೋವೆಗೆ ರೈಲುಹಾದಿ ಸಿದ್ಧವಾದ ಮೇಲೆ ಹತ್ತಿ ಘಟ್ಟವಿಳಿಯುವ ದಾರಿಯನ್ನೇ ಬದಲಿಸಿತು. ಕುಮಟೆಗೆ ಉಳಿದದ್ದು ಹೆಸರು.

ರೈತ ಎಂದೂ ತಪ್ಪಲಿಲ್ಲವೆಂದು ಇದರ ಅರ್ಥವಲ್ಲ. ಅಂಜಿಕೆಯಿಂದ ಕಳೆದುಕೊಂಡ ಲಾಭವೂ ನಿಜವೇ. ಸಾಲದಲ್ಲಿ ಹುಟ್ಟಿ ಸಾಲದಲ್ಲಿ ಮಡಿದವನಿಗೆ ಆ ಲಾಭ ಬೇಡವಾಗಿತ್ತೆಂದು ಹೇಳುವುದೂ ಕ್ರೌರ್ಯವೇ. ಆದರೆ ಗಳಿಸಬಲ್ಲವನು ಗಳಿಸಲೊಲ್ಲನೆಂದು ನಮಗೆ ಸಿಟ್ಟು ಬಂದಾಗ, ಸೋತರೆ ಆ ಸೋಲನ್ನು ಹೊರುವವರು ಯಾರು ಎಂದು ಮೊದಲು ಕೇಳಿಕೊಳ್ಳುವುದು ಲೇಸು. ಆ ಹೊರೆಗೆ ಹೆಗಲು ಕೊಡದವನ ಸಲಹೆಯನ್ನು ನಯವಾಗಿ ಕೇಳಿ, ತನ್ನ ಜೋಳವನ್ನು ತಾನು ಬಿತ್ತಿಕೊಂಡವನನ್ನು ಸೋಮಾರಿಯೆಂದು ಕರೆಯುವಷ್ಟು ಇತಿಹಾಸ ನಿರ್ದಯವಾಗಬೇಕಾಗಿಲ್ಲ.