ಅಟ್ಟದ ಮೇಲಿನ ಬಂದೂಕು ಯಾರದು?

2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಬೆಳ್ಳಿ ಕಟ್ಟಿನ ಚಕಮಕಿ ಬಂದೂಕೊಂದು 60 ಸಾವಿರ ಪೌಂಡಿಗೆ ಹರಾಜಾಯಿತು. ಬರ್ಕ್‌ಷೈರ್‌ನ ಮನೆಯೊಂದರ ಅಟ್ಟದಲ್ಲಿ ಬಿದ್ದಿದ್ದ ಅದು ಟಿಪ್ಪು ಸುಲ್ತಾನನ ಶಸ್ತ್ರಾಗಾರದ್ದು. 20 ಬೋರಿನದು, ಅಂದರೆ ಅದರ ನಳಿಗೆಗೆ ಹೊಂದುವ ಗುಂಡುಗಳು ಒಂದು ಪೌಂಡ್ ಸೀಸದಲ್ಲಿ ಇಪ್ಪತ್ತು ಆಗುತ್ತವೆ. ಇಂಥ ಹಳೆಯ ಆಯುಧದ ಮೊದಲ ಒಡೆಯನನ್ನು ಪತ್ತೆ ಹಚ್ಚುವುದು ಹೇಗೆ?

ಇಂಗ್ಲಿಷ್ ಕಂಪನಿಯ ಬಂದೂಕಾದರೆ ಕೆಲಸ ಸುಲಭ. ನಳಿಗೆಯ ಅಡಿಯಲ್ಲಿ ಲಂಡನ್ ಇಲ್ಲವೇ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇರುತ್ತದೆ; ಜೊತೆಗೆ ಕ್ರಮಸಂಖ್ಯೆ. ಪರ್ಡಿಯಂಥ ಹಳೆಯ ತಯಾರಕರ ಲೆಕ್ಕದ ಪುಸ್ತಕದಲ್ಲಿ ಆ ಸಂಖ್ಯೆಯ ಎದುರು ಮೊದಲ ಗಿರಾಕಿಯ ಹೆಸರು ಸಿಗುತ್ತದೆ. ಹಿಡಿಕೆಯ ಪುಟ್ಟ ಬೆಳ್ಳಿ ತಗಡಿನಲ್ಲಿ ಆತನ ಹೆಸರಿನ ಮೊದಲಕ್ಷರಗಳೂ ಇದ್ದರೆ ಅನುಮಾನವೇ ಉಳಿಯದು.

ಟಿಪ್ಪುವಿನ ಬಂದೂಕುಗಳಿಗೆ ಇಂಥ ಪುಸ್ತಕವಿಲ್ಲ. ಅಲ್ಲಿ ಕೆತ್ತನೆಯೇ ಸಾಕ್ಷಿ. ಹುಲಿಪಟ್ಟೆ, 'ಹೈದರ್' ಎಂಬ ಮುದ್ರೆ, ತಯಾರಾದ ಊರು, ಮೌಲೂದಿ ಶಕೆಯ ವರ್ಷ ಇವನ್ನೆಲ್ಲ ಹುಡುಕಬೇಕು. ಆತನ ನಾಣ್ಯಗಳಲ್ಲಿ ಈ ವರ್ಷವನ್ನು ಬಲದಿಂದ ಎಡಕ್ಕೆ ಬರೆದಿರುತ್ತಿದ್ದರು. ತಿಳಿಯದವರು ಓದಿದರೆ 1224 ಇದ್ದದ್ದು 4221 ಆಗಿಬಿಡುತ್ತದೆ!

ಆದರೆ ಕೆತ್ತನೆ ಸುಲ್ತಾನನ ಬಾಗಿಲಿಗೆ ಬಂದು ನಿಲ್ಲುತ್ತದೆ. ಹರಾಜಾದ ಬಂದೂಕಿನ ಮರಕ್ಕೆ ಗುಂಡು ತಗುಲಿದ ಗಾಯವಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಜೊತೆ ಹಡಗು ಹತ್ತಿತು. ಒಯ್ದವನ ಹೆಸರು ಉಳಿದಿದೆ, ಯುದ್ಧದಲ್ಲಿ ಹಿಡಿದಿದ್ದವನ ಹೆಸರಿಲ್ಲ. ಭಾರತಕ್ಕೆ ಮರಳಿಸಬೇಕೆಂಬ ಒತ್ತಾಯದ ನಡುವೆಯೂ ಹರಾಜು ನಡೆದೇಹೋಯಿತು.

ಒಡೆಯ ಯಾರೆಂಬ ಪ್ರಶ್ನೆ ಶಿವಮೊಗ್ಗ ಜಿಲ್ಲೆಯಲ್ಲೂ ಎದ್ದಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಬತ್ತಿದ ಬಾವಿಯ ಹೂಳೆತ್ತುವಾಗ ಮಣ್ಣು ಮದ್ದಿನ ವಾಸನೆ ಹೊಡೆಯಿತು. ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು! ಇಲ್ಲಿ ಗುರುತು ಹೇಳಿದ್ದು ಕೆತ್ತನೆಯಲ್ಲ, ಸಿಕ್ಕ ಜಾಗ. ಕೆಳದಿ ಅರಸರ ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟು ಟಂಕಸಾಲೆ, ಶಸ್ತ್ರಾಗಾರ ತೆರೆದಿದ್ದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸುವುದಕ್ಕೆ ಒಂದೂವರೆ ಶತಮಾನ ಮೊದಲಿನ ಮಾತು ಇದು. ಮೈಸೂರು ರಾಕೆಟ್‌ಗಳು ದೂರ ಹಾರುತ್ತಿದ್ದುದಕ್ಕೆ ಆ ಕಬ್ಬಿಣದ ಕೊಳವೆಯೇ ಕಾರಣ. ಕಾಗದದ ಕೊಳವೆಗಿಂತ ಹೆಚ್ಚು ಒತ್ತಡವನ್ನು ಅದು ತಾಳಿಕೊಳ್ಳುತ್ತಿತ್ತು.

ಇವು ಹರಾಜಿಗೆ ಹೋಗಲಿಲ್ಲ. ಪುರಾತತ್ವ ಇಲಾಖೆಯ ಕೈಸೇರಿ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಬಂದವು. ಅದೇ ನಗರದಲ್ಲಿ 2002ರಲ್ಲಿ ಸಿಕ್ಕಿದ್ದ ನೂರಕ್ಕೂ ಹೆಚ್ಚು ರಾಕೆಟ್‌ಗಳು ಆಗಲೇ ಅಲ್ಲಿದ್ದವು. ಅವು ಟಿಪ್ಪುವಿನ ಕಾಲದವೆಂದು ಖಚಿತವಾಗಲು 2007ರವರೆಗೆ ಕಾಯಬೇಕಾಗಿತ್ತು.